ಶಿಳ್‌ಫಾಟಾದಲ್ಲಿ ಪಾಕದ ವಾಸನೆ

ಕಳೆದ ಮಳೆಗಾಲದಲ್ಲಿ ನಮ್ಮ ಕಾರಿನ ಡಿಕ್ಕಿಯನ್ನು ನೀವು ತೆರೆದು ನೋಡಿದ್ದರೆ, ಈ ಹೆಂಗಸು ಎಲ್ಲಿಯೋ ಅರವಟ್ಟಿಗೆ ಇಡಲು ಹೊರಟಿದ್ದಾಳೆಂದು ಭಾವಿಸುತ್ತಿದ್ದಿರಿ. ಎರಡೆರಡು ಲೀಟರಿನ ಐದು ಬಾಟಲಿಗಳಿಗೆ ನಲ್ಲಿಯ ನೀರು ತುಂಬಿ, ತಿರುವುಗಳಲ್ಲಿ ಉರುಳಿ ಸದ್ದು ಮಾಡದಂತೆ ಹಳೆಯ ಚಾದರದಲ್ಲಿ ಸುತ್ತಿ, ಸಾಲಾಗಿ ಮಲಗಿಸಿದ್ದೆ. ಸುರಿದ ನೀರಿಗೆ ಹೋಗಲು ದಾರಿ ಕಾಣದೆ ಡೊಂಬಿವಲಿಯ ರಸ್ತೆಗಳಲ್ಲಿ ಅದು ಮೊಣಕಾಲುದ್ದ ನಿಂತು ಯೋಚಿಸುವ ಆ ದಿನಗಳಲ್ಲಿ, ನಾನೊಬ್ಬಳು ಮಾತ್ರ ಮನೆಯಿಂದ ನೀರು ಹೊತ್ತುಕೊಂಡು ತಿರುಗುತ್ತಿದ್ದೆ. ನಮ್ಮ ಕಾರಿಗೆ ಅಂಥ ದಾಹ. ನಲವತ್ತು ಕಿಲೋಮೀಟರ್ ಓಡಿಸಿದರೆ ಒಂದು ಲೀಟರ್ ನೀರು ಬೇಕು. ಕುಡಿದ ನೀರು ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರವಿಲ್ಲ.

ಕಾರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಅದನ್ನು ಓಡಿಸುವವಳ ಬಗ್ಗೆಯೂ ಎರಡು ಮಾತು ಹೇಳಬೇಕು. ಥಾಣೆಯ ಕಚೇರಿಯೊಂದರಲ್ಲಿ ನನ್ನ ಕೆಲಸ. ಇಪ್ಪತ್ತಾರು ವರ್ಷ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬಂದವಳು. ಜೀವನದಲ್ಲಿ ಒಮ್ಮೆಯಾದರೂ ಕೂತು ಪ್ರಯಾಣ ಮಾಡಬೇಕೆಂಬ ಸಾಧಾರಣ ಆಸೆಯಿಂದ ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮತ್ತೊಬ್ಬರು ಬಳಸಿ ಬಿಟ್ಟ ಈ ಬೂದುಬಣ್ಣದ ಪುಟ್ಟ ಕಾರನ್ನು ಕೊಂಡೆ. ನಮ್ಮ ಯಜಮಾನರಿಗೆ ಸ್ಟಿಯರಿಂಗ್ ಎಂದರೆ ಭಯ, ಕಾರೆಂದರೆ ಅಪನಂಬಿಕೆ. ಹಾಗಾಗಿ ಅದು ಮನೆಯ ಕಾರಲ್ಲ, ನನ್ನ ಕಾರು. ಶನಿವಾರ, ಭಾನುವಾರಗಳಲ್ಲಿ ಅದರ ಬಾಗಿಲು ಹಾಕಿಕೊಂಡು ಕೂತಾಗ ನನಗೆ ಸಿಗುವ ನಿರಾಳವನ್ನು, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಎಂಟರ ಗಾಡಿಗೆ ಕಾದವರಿಗೆ ಮಾತ್ರ ವಿವರಿಸದೆ ತಿಳಿಸಬಹುದು.

ಜೂನ್ ತಿಂಗಳಲ್ಲಿ ಕಲ್ಯಾಣದ ಸೇತುವೆಯ ಮೇಲೆ, ಸದಾ ಮಧ್ಯದಲ್ಲಿ ನಿಂತಿರುತ್ತಿದ್ದ ಉಷ್ಣತೆಯ ಮುಳ್ಳು ಮೊದಲ ಬಾರಿಗೆ ಕೆಂಪು ಗೆರೆಯ ಕಡೆಗೆ ಹೊರಟಿತು. ಹಿಂದಿನವರ ಹಾರ್ನ್ ಕೇಳುತ್ತ, ಬಾನೆಟ್ಟಿನ ಸಂದಿಯಿಂದ ಏಳುವ ಹಬೆಯನ್ನು ನೋಡುತ್ತ, ಮಳೆಯಲ್ಲಿ ಕೊಡೆ ಹಿಡಿದು ನಿಂತೆ. ಮನೆಯ ಹತ್ತಿರದ ಗ್ಯಾರೇಜಿನವನು ಥರ್ಮೋಸ್ಟ್ಯಾಟ್ ಕೈಕೊಟ್ಟಿದೆ ಎಂದ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತು, ನೀರು ಬಿಸಿಯಾದಾಗ ಬಾಗಿಲು ತೆರೆಯುವ ಒಂದು ಸಣ್ಣ ಕಾವಲುಗಾರ ಅದು. ಕಾವಲುಗಾರನನ್ನು ಬದಲಿಸಿದ್ದಾಯಿತು, ಮುಳ್ಳು ಬದಲಾಗಲಿಲ್ಲ. ಎರಡನೆಯವನು ಬಾನೆಟ್ಟನ್ನು ಪೂರ್ತಿ ಎತ್ತುವ ಮೊದಲೇ ಎಂಜಿನ್ನಿನೊಳಗೆ ನೀರೂ ಎಣ್ಣೆಯೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಅದಕ್ಕಿಂತ ಮಾರುವುದೇ ಮೇಲು ಎಂದು ತೀರ್ಪು ಕೊಟ್ಟ. ಮನೆಯಲ್ಲಿ ಈ ತೀರ್ಪಿಗೆ ಒಳ್ಳೆಯ ಬೆಂಬಲ ಸಿಕ್ಕಿತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ಮಗಳು ಫೋನಿನಿಂದ ಕಣ್ಣೆತ್ತದೆ, "ಮಮ್ಮಿ, ಬೇಚ್ ದೋ ನಾ" ಎಂದಳು. ಯಜಮಾನರು ಟ್ರೇನಿನ ಪಾಸನ್ನು ಜೇಬಿನಿಂದ ತೆಗೆದು ನೋಡಿ, ತೃಪ್ತಿಯಿಂದ ಮತ್ತೆ ಒಳಗಿಟ್ಟರು.

ಮಾರಬೇಡ ಎಂದವರು ಒಬ್ಬರೇ, ನಮ್ಮ ವಾಸುಮಾವ.

ವಾಸುಮಾವ ನನ್ನ ಅಮ್ಮನ ಕಿರಿಯ ತಮ್ಮ. ಮದುವೆಯಾಗಲಿಲ್ಲ. ಕುಂದಾಪುರದ ಕಡೆಯಿಂದ ಬಂದು ಥಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಸಿಹಿತಿಂಡಿಯ ಭಟ್ಟರಾಗಿದ್ದರು. ಅವರ ಮೈಸೂರುಪಾಕಿಗಾಗಿ ಎರಡು ಸ್ಟೇಷನ್ ಮುಂದಿನವರೂ ಇಳಿದು ಬರುತ್ತಿದ್ದರು. ಪಾಕ ಎಳೆ ಬಂದಿದೆಯೇ ಎಂದು ಬೇರೆಯವರು ಬೆರಳು ಅದ್ದಿ ನೋಡಿದರೆ, ಇವರು ಬೆನ್ನು ತಿರುಗಿಸಿ ನಿಂತು ವಾಸನೆಯಲ್ಲೇ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಅವರಿಗೊಂದು ಜ್ವರ ಬಂತು. ಜ್ವರ ವಾರದಲ್ಲಿ ಹೋಯಿತು. ಹೋಗುವಾಗ ಮೂಗಿನ ಶಕ್ತಿಯನ್ನು ಜೊತೆಗೇ ಕೊಂಡುಹೋಯಿತು. ಮೊದಮೊದಲು ಅವರು ಯಾರಿಗೂ ಹೇಳಲಿಲ್ಲ. ಒಂದು ದಿನ ಅವರು ಇಳಿಸಿದ ಮೈಸೂರುಪಾಕನ್ನು ಗಿರಾಕಿಗಳು ಒಂದು ಸಲ ಕಚ್ಚಿ, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ವಾಸುಮಾವ ತಾವೂ ಒಂದು ತುಂಡು ಬಾಯಿಗೆ ಹಾಕಿ ನೋಡಿದರಂತೆ. ಸಿಹಿ ಇತ್ತು, ತುಪ್ಪದ ಜಿಡ್ಡಿತ್ತು. ಕಡಲೆಹಿಟ್ಟು ಸೀದದ್ದು ಮಾತ್ರ ಅವರಿಗೆ ತಿಳಿಯಲಿಲ್ಲ. ಪಕ್ಕದವನನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಆ ಸಂಜೆಯೇ ಸಟ್ಟುಗವನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕಿ, ಧಣಿಗಳಿಗೆ ಹೇಳಿ, ನಮ್ಮ ಮನೆಗೆ ಬಂದರು.

ಧಣಿ ಸುಧಾಕರ ಶೆಟ್ಟರು ಎಷ್ಟೋ ಸಲ ಕರೆದರು. ಬರಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದರೂ ಸಾಕು ಎಂದರು. ಇವರು ಹೋಗಲಿಲ್ಲ. ವಾಸನೆ ಬಂದರೂ ಬರಬಹುದು, ಬಾರದೆಯೂ ಇರಬಹುದು, ದಿನಾ ಲವಂಗ, ಲಿಂಬೆ ಮೂಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಮೂರು ತಿಂಗಳು ಮೂಸಿ, ಆಮೇಲೆ ಲವಂಗದ ಡಬ್ಬಿಯನ್ನು ಅಡುಗೆಮನೆಗೆ ಹಿಂತಿರುಗಿಸಿದರು. ಊಟಕ್ಕೆ ಕೂತರೆ ಬಡಿಸಿದ್ದನ್ನೆಲ್ಲ ಚೆನ್ನಾಗಿದೆ ಎಂದು ಎದ್ದುಬಿಡುವರು. ನಲವತ್ತು ವರ್ಷ ಬೇರೆಯವರ ನಾಲಗೆಯನ್ನು ಆಳಿದ ಮನುಷ್ಯನ ಬಾಯಲ್ಲಿ ಆ 'ಚೆನ್ನಾಗಿದೆ' ಎಂಬ ಮಾತು ಎಷ್ಟು ಸಪ್ಪೆಯಾಗಿ ಕೇಳುತ್ತಿತ್ತೆಂದರೆ, ಉಪ್ಪು ಹೆಚ್ಚಾದ ದಿನ ಅದನ್ನು ಕೇಳಿಸಿಕೊಳ್ಳಲಾರದೆ ನಾನು ಒಳಗೆ ಹೋಗುತ್ತಿದ್ದೆ. ಉಳಿದಂತೆ ತರಕಾರಿ ಹೆಚ್ಚುವುದು, ಪೇಪರ್ ಓದುವುದು, ನಾನು ಕಾರು ತೆಗೆದರೆ ಎಡಗಡೆಯ ಸೀಟಿನಲ್ಲಿ ಬಂದು ಕೂರುವುದು. ಕಾರಿನ ವಿಷಯ ಅವರಿಗೆ ಏನೂ ಗೊತ್ತಿಲ್ಲ. ಆದರೂ ಮಾರುವ ಮಾತು ಬಂದಾಗ, ಒಂದು ಸಂಗತಿ ಕೆಟ್ಟಿತೆಂದು ಇಡೀ ಗಾಡಿಯನ್ನು ಸಾಗಹಾಕುವುದು ಸರಿಯಲ್ಲ ಎಂದು ಮೆಲ್ಲಗೆ ಹೇಳಿ, ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಕಲ್ಯಾಣದ ಶಿಂದೆಯವರ ಹೆಸರನ್ನು ನನಗೆ ಹೇಳಿದವಳು ಕಚೇರಿಯ ಗೆಳತಿ. ರೈಲುಹಳಿಯ ಆಚೆ ತಗಡಿನ ಮಾಡಿನ ಒಂದು ಶೆಡ್ಡು. ಮೆಕ್ಯಾನಿಕರಿಗೆ ಇರಬಾರದಷ್ಟು ಶುಭ್ರವಾದ ಕನ್ನಡಕ. ಶಿಂದೆ ಬಾನೆಟ್ ತೆರೆಯುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಗಾಡಿಯನ್ನು ಬಿಟ್ಟು ನನ್ನನ್ನೇ ವಿಚಾರಿಸಿಕೊಂಡರು. ಮುಳ್ಳು ಏರುವುದು ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರವೋ, ಹೆದ್ದಾರಿಯಲ್ಲಿ ಓಡುವಾಗಲೂ ಏರುತ್ತದೋ? ನಿಂತಾಗ ಮಾತ್ರವಾದರೆ ಫ್ಯಾನಿನ ಮೇಲೆ ಅನುಮಾನ. ಓಡುವಾಗಲೂ ಏರಿದರೆ ನೀರಿನ ಮೇಲೆ. ಎಷ್ಟು ದಿನಕ್ಕೆ ಎಷ್ಟು ನೀರು ಹಾಕುತ್ತೀರಿ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬೆಳ್ಳಗಿರುತ್ತದೆಯೋ? ಪ್ರತಿ ಪ್ರಶ್ನೆಯ ಕೊನೆಗೂ ಅವರು 'ತಾಈ' ಎಂದು ಸೇರಿಸುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ ಎಂದು ನನಗೆ ಗೊತ್ತು. ಆದರೆ ನನ್ನ ಕನ್ನಡದ ಕಿವಿಗೆ ಅದು ಇವತ್ತಿಗೂ ತಾಯಿಯೆಂದೇ ಕೇಳಿಸುವುದರಿಂದ, ಮರಾಠಿಯ ಮೆಕ್ಯಾನಿಕರ ಮುಂದೆ ನಾನು ಬೇಗ ಮೆತ್ತಗಾಗುತ್ತೇನೆ.

ಆಮೇಲೆ ಒಂದೊಂದಾಗಿ ನೋಡಿದರು. ಫ್ಯಾನು ಸಮಯಕ್ಕೆ ಸರಿಯಾಗಿ ತಿರುಗಿತು. ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ನನಗೆ ತೋರಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಎಣ್ಣೆಗೆ ನೀರು ಸೇರಿ ಮಜ್ಜಿಗೆಯ ಹಾಗೆ ಕಾಣುತ್ತಿತ್ತು, ಇದು ಶುದ್ಧವಾಗಿದೆ ಎಂದರು. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಶುರುಮಾಡಿ, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಸೈಕಲ್ ಪಂಪಿನಂಥ ಒಂದು ಸಾಧನವನ್ನು ರೇಡಿಯೇಟರಿಗೆ ಸಿಕ್ಕಿಸಿ ಗಾಳಿ ಒತ್ತಿ ಕಾದರು. ಅದರ ಮುಳ್ಳು ಬಲು ನಿಧಾನವಾಗಿ ಕೆಳಗಿಳಿಯಿತು. ಎಂದರೆ ಎಲ್ಲಿಯೋ ಸೋರುತ್ತಿದೆ. ಎಲ್ಲಿ? ಎರಡು ದಿನ ಗಾಡಿಯ ಅಡಿಗೆ ರಟ್ಟು ಹಾಸಿಟ್ಟರು. ರಟ್ಟು ಹಾಸಿದಾಗಿನಷ್ಟೇ ಒಣಗಿತ್ತು. ಸೋಲನ್ನು ಅವರು ಮುಚ್ಚಿಡಲಿಲ್ಲ. ಇನ್ನೂ ಸಿಕ್ಕಿಲ್ಲ ಎಂದು ನೇರವಾಗಿ ಹೇಳಿದರು. ನಲ್ಲಿನೀರು ಒಳಗೆಲ್ಲ ತುಕ್ಕು ಹಿಡಿಸುತ್ತದೆಂದು ನನ್ನನ್ನು ಗದರಿ, ಅದನ್ನು ಪೂರ್ತಿ ಹೊರಚೆಲ್ಲಿ, ಎಂಜಿನ್ ತಣ್ಣಗಿಡುವ ಹಸಿರು ಬಣ್ಣದ ಕೂಲಂಟ್ ದ್ರವ ತುಂಬಿದರು. ಮುಳ್ಳು ಏರತೊಡಗಿದರೆ ಎ.ಸಿ. ನಿಲ್ಲಿಸಿ ಹೀಟರನ್ನು ಪೂರ್ತಿ ತಿರುಗಿಸಿ, ಎಂಜಿನ್ನಿನ ಬಿಸಿಯಲ್ಲಿ ಸ್ವಲ್ಪವನ್ನಾದರೂ ಅದು ಒಳಗೆ ಸೆಳೆದುಕೊಳ್ಳುತ್ತದೆ, ನಿಮಗೆ ಬೆವರುತ್ತದೆ ಆದರೆ ಎಂಜಿನ್ ಉಳಿಯುತ್ತದೆ ಎಂದು ಹೇಳಿ ಕಳುಹಿಸಿದರು.

ಇದಾದ ವಾರದಲ್ಲೇ ಶೆಟ್ಟರ ಫೋನು ಬಂತು. ಕಾಮೋಠೆಯಲ್ಲಿ ಹೊಸ ಹೋಟೆಲು ತೆರೆಯುತ್ತಿದ್ದಾರೆ; ಶನಿವಾರ ಮಧ್ಯಾಹ್ನ ಒಲೆ ಹಚ್ಚುವ ಶಾಸ್ತ್ರ; ಮೊದಲ ಸಿಹಿ ವಾಸು ಭಟ್ಟರ ಕೈಯಿಂದಲೇ ಆಗಬೇಕು. ವಾಸುಮಾವ ಆಗುವುದಿಲ್ಲ ಎಂದರು. ನಾನು ಎರಡು ದಿನ ಬೆನ್ನುಹತ್ತಿದೆ. ಕೊನೆಗೆ, ಈ ಕಾರಿನಲ್ಲಿ ನಾನೊಬ್ಬಳೇ ಅಷ್ಟು ದೂರ ಹೋಗಲು ಧೈರ್ಯವಿಲ್ಲವೆಂದು ಸುಳ್ಳು ಹೇಳಿದಾಗ, ಬರುತ್ತೇನೆ, ಆದರೆ ಹೊರಗೆ ಕಾರಿನಲ್ಲೇ ಕೂತಿರುತ್ತೇನೆ ಎಂದು ಒಪ್ಪಿಕೊಂಡರು. ಅವರ ಮುಖ ನೋಡಿದರೆ ಸಮಾರಂಭಕ್ಕೆ ಹೊರಟವರಂತೆ ಕಾಣುತ್ತಿರಲಿಲ್ಲ. ಜರಿಯಂಚಿನ ಪಂಚೆ ಮಾತ್ರ ಉಟ್ಟಿದ್ದರು. ಯಜಮಾನರು ನಮಗಿಂತ ಒಂದು ಗಂಟೆ ತಡವಾಗಿ, ಥಾಣೆಯಲ್ಲಿ ಗಾಡಿ ಬದಲಿಸಿ ಟ್ರೇನಿನಲ್ಲಿ ಬರುವುದೆಂದು ಘೋಷಿಸಿದರು; ನಮಗಿಂತ ಮೊದಲು ತಲುಪುವ ಭರವಸೆ ಅವರ ದನಿಯಲ್ಲೇ ಇತ್ತು.

ಶಿಳ್‌ಫಾಟಾದ ಕೂಡುರಸ್ತೆಯಲ್ಲಿ ನೀವು ಎಂದಾದರೂ ಸಿಕ್ಕಿಕೊಂಡಿದ್ದರೆ, ಆ ದಿನ ಏನಾಯಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಕಂಟೇನರ್ ಲಾರಿ, ಹಿಂದೆ ಕಂಟೇನರ್ ಲಾರಿ, ಮೇಲೆ ಮಳೆ. ಇಪ್ಪತ್ತು ನಿಮಿಷ ನಿಂತದ್ದೇ ತಡ, ಮುಳ್ಳು ಮಧ್ಯದಿಂದ ಎದ್ದಿತು. ಶಿಂದೆಯವರ ಮಾತು ನೆನಪಾಗಿ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಬಿಸಿಗಾಳಿ ಭರ್ರನೆ ನುಗ್ಗಿತು. ಗಾಜಿಗೆಲ್ಲ ಮಂಜು ಕವಿಯಿತು. ನಾನು ಸೆರಗಿನಿಂದ ಗಾಜನ್ನು ಒರೆಸುತ್ತ, ಮುಳ್ಳನ್ನು ನೋಡುತ್ತ, ಕ್ಷಮಿಸಿ ಮಾವ, ಸ್ವಲ್ಪ ಹೊತ್ತು ತಡೆದುಕೊಳ್ಳಿ ಎನ್ನುತ್ತಿದ್ದೆ.

"ಯಾರು ಇಲ್ಲಿ ಪಾಕ ಇಟ್ಟದ್ದು?" ಎಂದರು ವಾಸುಮಾವ.

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಕಣ್ಣು ಮುಚ್ಚಿ, ಕತ್ತನ್ನು ಸ್ವಲ್ಪ ಓರೆ ಮಾಡಿ ಕೂತಿದ್ದರು. ಹೋಟೆಲಿನ ಹಿತ್ತಲಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಾಗ ಅವರ ಕತ್ತು ಹಾಗೆಯೇ ಇರುತ್ತಿತ್ತು.

"ಸಕ್ಕರೆಯದ್ದಲ್ಲ. ಆದರೆ ಸಿಹಿ ಎಂತದೋ ಕುದೀತಾ ಉಂಟು, ಸುಮಿತ್ರಾ. ತಳ ಹಿಡಿಯುವ ಮೊದಲು ಇಳಿಸು ಅದನ್ನು."

ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಅವರತ್ತ ತಿರುಗಿದೆ. "ಮಾವ," ಎಂದೆ, "ನಿಮಗೆ ವಾಸನೆ ಬಂತಾ?"

ಅವರು ಕಣ್ಣು ತೆರೆದರು. ನಾನು ಕೇಳಿದ್ದೇನೆಂದು ಅವರಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಬಲಗೈ ತಾನಾಗಿ ಮೂಗಿನ ತನಕ ಹೋಗಿ, ಅಲ್ಲಿಯೇ ನಿಂತಿತು. ಮತ್ತೊಮ್ಮೆ ಉಸಿರೆಳೆದುಕೊಳ್ಳಲು ಅವರಿಗೆ ಹೆದರಿಕೆ ಎಂದು ನನಗೆ ಕಂಡಿತು. ಎರಡನೆಯ ಸಲ ಬಾರದೆ ಹೋದರೆ ಎಂಬ ಹೆದರಿಕೆ. ಆಮೇಲೆ ಎಳೆದುಕೊಂಡರು. ಹೌದೆಂದು ತಲೆಯನ್ನು ಎರಡು ಸಲ ಆಡಿಸಿದರು. ಲಾರಿಗಳ ನಡುವೆ ಸಿಕ್ಕಿಕೊಂಡು, ಜುಲೈ ತಿಂಗಳ ಸೆಕೆಯಲ್ಲಿ ಹೀಟರ್ ಹಾಕಿಕೊಂಡು, ನಾವಿಬ್ಬರೂ ಬೆವರುತ್ತ ಕೂತಿದ್ದೆವು. ಅವರ ಕೆನ್ನೆಯ ಮೇಲೆ ಇಳಿಯುತ್ತಿದ್ದುದೆಲ್ಲ ಬೆವರೇ ಎಂದು ನಾನು ಆಣೆ ಮಾಡಲಾರೆ.

ಹೇಗೋ ಎಡಕ್ಕೆ ಸರಿದು, ಒಂದು ಚಹದಂಗಡಿಯ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸಿ ಶಿಂದೆಯವರಿಗೆ ಫೋನು ಮಾಡಿದೆ. ಗಾಡಿಯ ಒಳಗೆ ಸಿಹಿಯಾದ ವಾಸನೆ ಎಂದೊಡನೆ ಅವರು ನನ್ನ ಮಾತನ್ನು ತಡೆದು, ಮುಂದಿನ ಎಡಸೀಟಿನ ಕೆಳಗಿನ ಕಾರ್ಪೆಟ್ಟನ್ನು ಮುಟ್ಟಿ ನೋಡಿ ಎಂದರು. ವಾಸುಮಾವ ಬಗ್ಗಿ ಒತ್ತಿದರು. ಒದ್ದೆ, ಬೆಚ್ಚಗೆ, ಬೆರಳಿಗೆ ಜಿಡ್ಡು ಜಿಡ್ಡು. ಆ ಕಡೆಯಿಂದ ಶಿಂದೆ ದೀರ್ಘವಾಗಿ ಉಸಿರುಬಿಟ್ಟದ್ದು ನನಗೆ ಕೇಳಿಸಿತು.

ಸಂಗತಿ ಇಷ್ಟೇ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆಂದೇ ಅಂಗೈಯಗಲದ ಒಂದು ಮರಿ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿನೀರು ಅದರೊಳಗೂ ಸುತ್ತಿ ಬರುತ್ತದೆ. ಅದು ತೂತಾಗಿತ್ತು. ನೀರು ರಸ್ತೆಗೆ ಬೀಳದೆ ನಮ್ಮ ಕಾಲಬುಡಕ್ಕೇ ಬೀಳುತ್ತಿತ್ತು. ಎಲ್ಲ ಸಾಕ್ಷಿಗಳೂ ನನ್ನ ಕಣ್ಣೆದುರಿಗೇ ಇದ್ದವು. ಪ್ರತಿಯೊಂದಕ್ಕೂ ನಾನೇ ಒಂದು ನೆಪ ಹುಡುಕಿ ಬಿಡುಗಡೆ ಮಾಡಿದ್ದೆ. ಗಾಜಿಗೆ ಮಂಜು ಕವಿದರೆ ಮಳೆಗಾಲ ಎಂದುಕೊಂಡೆ. ಕಾರ್ಪೆಟ್ ಒದ್ದೆಯಾದರೆ ಮಾವನ ಕೊಡೆಯನ್ನು ದೂರಿದೆ. ಬರಿ ನಲ್ಲಿನೀರು ಇದ್ದಷ್ಟು ದಿನ ವಾಸನೆಯ ಪ್ರಶ್ನೆಯೇ ಇರಲಿಲ್ಲ; ಕೂಲಂಟ್ ಮಾತ್ರ ಕಾದರೆ ಸಿಹಿವಾಸನೆ ಬೀರುತ್ತದಂತೆ. ಶಿಂದೆ ಕೂಲಂಟ್ ತುಂಬಿದ ಮೇಲೆ ಬಂದ ಸಿಹಿವಾಸನೆಯನ್ನು, ಗಾಳಿಕಿಂಡಿಗೆ ನಾನೇ ಸಿಕ್ಕಿಸಿದ ಮಲ್ಲಿಗೆ ಸೆಂಟಿನ ಖಾತೆಗೆ ಹಾಕಿದೆ. ಕಣ್ಣು, ಮೂಗು, ಚರ್ಮ ಎಲ್ಲವೂ ನೆಟ್ಟಗಿದ್ದ ನನಗೆ ತಿಳಿಯದ್ದನ್ನು, ಎರಡು ವರ್ಷ ಯಾವ ನೆಪವನ್ನೂ ಹುಡುಕದೆ ಸುಮ್ಮನೆ ಕಾದಿದ್ದ ಒಂದು ಮೂಗು ಹಿಡಿದುಕೊಟ್ಟಿತು. ನಮಗೆ ಸಿಕ್ಕಿರುವುದನ್ನು ನಾವು ಎಷ್ಟು ಅರೆಮನಸ್ಸಿನಿಂದ ಬಳಸುತ್ತೇವಲ್ಲ ಎಂದು ಆ ಚಹದಂಗಡಿಯ ಬೆಂಚಿನ ಮೇಲೆ ಕೂತು ನಾಚಿಕೊಂಡೆ.

ಕಾರಿನ ಕಥೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಹತ್ತಿರದಲ್ಲಿದ್ದ ರಸ್ತೆಬದಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದು ಅವರ ಕಿವಿಗೆ ಫೋನು ಕೊಟ್ಟೆ. ಶಿಂದೆ ಹೇಳಿದಂತೆ ಅವರು, ಎಂಜಿನ್ ಚೆನ್ನಾಗಿ ಆರಿದ ಮೇಲೆ, ಹೀಟರಿಗೆ ಹೋಗುವ ಪೈಪನ್ನೂ ಬರುವ ಪೈಪನ್ನೂ ಬಿಚ್ಚಿ ಒಂದಕ್ಕೊಂದು ಜೋಡಿಸಿ, ತೂತಾದ ಆ ಮರಿಯನ್ನು ಸುತ್ತಿನಿಂದ ಹೊರಗಿಟ್ಟು, ಕೂಲಂಟ್ ಭರ್ತಿ ಮಾಡಿದರು. ಮುಂದಿನ ಭಾನುವಾರ ಶಿಂದೆಯವರು ಉಲ್ಹಾಸನಗರದ ಅಂಗಡಿಯೊಂದರಿಂದ ಹೊಸದನ್ನು ತರಿಸಿ ಕೂರಿಸಿದರು. ಕೆಲಸ ಮುಗಿದ ಮೇಲೆ ವಾಸುಮಾವನ ಕೈಕುಲುಕಿ, ನಿಮ್ಮಂಥವರು ನನ್ನ ಶೆಡ್ಡಿನಲ್ಲಿ ಇರಬೇಕಿತ್ತು ಎಂದರು. ಅಂದಿನಿಂದ ಮುಳ್ಳು ಮಧ್ಯದಲ್ಲಿದೆ.

ಆದರೆ ಆ ಶನಿವಾರ ಎಂಜಿನ್ ಆರುವ ತನಕ ಮುಕ್ಕಾಲು ಗಂಟೆ ನಮಗೆ ಬೇರೇನೂ ಕೆಲಸವಿರಲಿಲ್ಲ. ವಾಸುಮಾವ ಜರಿಯಂಚನ್ನು ಎತ್ತಿಕಟ್ಟಿಕೊಂಡು ಚಹದಂಗಡಿಯ ಸುತ್ತ ನಡೆದರು. ಜಜ್ಜಿದ ಶುಂಠಿಯ ಮೇಲೆ ಬಗ್ಗಿದರು. ಸ್ವಲ್ಪ ಬರುತ್ತದೆ ಎಂದರು. ವಡೆ ಕರಿಯುವ ಎಣ್ಣೆಯ ಹತ್ತಿರ ನಿಂತರು, ಇಲ್ಲ. ಲಾರಿಯ ಹೊಗೆ, ಇಲ್ಲ. ಕೊತ್ತಂಬರಿ ಸೊಪ್ಪನ್ನು ಬೆರಳಲ್ಲಿ ಹೊಸಕಿ, ಎಲ್ಲೋ ದೂರದಲ್ಲಿ ಉಂಟು ಎಂದರು. ಅಂಗಡಿಯಾತ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಏನೋ ಕಳೆದುಹೋಗಿತ್ತು, ಅರ್ಧ ಸಿಕ್ಕಿದೆ ಎಂದು ತಮ್ಮ ಮುರುಕು ಮರಾಠಿಯಲ್ಲಿ ಹೇಳಿ, ಇನ್ನೊಂದು ಚಹ ತೆಗೆದುಕೊಂಡರು.

ತಳೋಜಾ ದಾಟಿ, ಕಳಂಬೋಲಿಯ ತಿರುವು ಹಿಡಿದು ನಾವು ಕಾಮೋಠೆಗೆ ತಲುಪುವಾಗ ನಾಲ್ಕು ಗಂಟೆ. ಯಜಮಾನರು ಹೋಟೆಲಿನ ಬಾಗಿಲಲ್ಲಿ ವಾಚು ನೋಡುತ್ತ ನಿಂತಿದ್ದರು. ಒಲೆ ಹಚ್ಚಿ ಆಗಿತ್ತು; ಶೆಟ್ಟರು ಕಾದು ಕಾದು, ಸಿಹಿ ಮಾಡುವ ಬಾಣಲೆಯನ್ನು ಮಾತ್ರ ಯಾರಿಗೂ ಮುಟ್ಟಗೊಡದೆ ಹಾಗೆಯೇ ಇಡಿಸಿದ್ದರು. ಕಾರಿನಲ್ಲಿ ಕೂತಿರುತ್ತೇನೆ ಎಂದಿದ್ದ ವಾಸುಮಾವ ಎಲ್ಲರಿಗಿಂತ ಮೊದಲು ಇಳಿದು, ಕೈಕಾಲು ತೊಳೆದು, ನೇರ ಒಳಗೆ ನಡೆದರು. ನಾನು ದಾರಿಯ ಕಥೆಯನ್ನು ಶೆಟ್ಟರ ಕಿವಿಯಲ್ಲಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, ಅಡುಗೆಮನೆಯಲ್ಲಿದ್ದವರನ್ನೆಲ್ಲ ಹೊರಗೆ ಕಳುಹಿಸಿದರು.

ವಾಸುಮಾವ ಒಂದೇ ಕಿಲೋ ಕಡಲೆಹಿಟ್ಟು ಅಳೆದುಕೊಂಡರು. ನನ್ನನ್ನು ಪಕ್ಕಕ್ಕೆ ಕರೆದು, "ಒಂದು ದಿನದ ಮೂಗನ್ನು ನಂಬಬಾರದು, ನೀನು ಇಲ್ಲಿ ನಿಲ್ಲು. ಹಸಿವಾಸನೆ ಹೋಗಿ ತುಪ್ಪದ ಘಮ ಏಳುವಾಗ ಹೇಳು" ಎಂದರು. ಇದು ನನ್ನ ಬದುಕಿನ ಅತಿ ದೊಡ್ಡ ಜವಾಬ್ದಾರಿ ಎಂಬಂತೆ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಪಾಕ ಎಳೆ ಬಂತು. ಅದನ್ನು ಅವರು ಬೆರಳಲ್ಲೇ ನೋಡಿದರು. ಹಿಟ್ಟು ಬಿತ್ತು, ಬಿಸಿತುಪ್ಪ ಸೌಟು ಸೌಟಾಗಿ ಬಿತ್ತು, ಬಾಣಲೆಯಲ್ಲಿ ನೊರೆ ಉಕ್ಕಿ ತೂತು ತೂತಾಯಿತು. ಸಟ್ಟುಗ ತಿರುಗುತ್ತಲೇ ಇತ್ತು. ನಾನು ಮೂಗನ್ನು ಮುಂದೆ ಚಾಚಿ, ಉಸಿರಿನ ಮೇಲೆ ಉಸಿರೆಳೆದುಕೊಂಡು, ಇನ್ನೂ ಹಸಿ, ಇನ್ನೂ ಹಸಿ ಎನ್ನುತ್ತಿದ್ದೆ.

ಒಮ್ಮೆಲೇ ಅವರ ಕೈ ನಿಂತಿತು. ಕತ್ತು ಓರೆಯಾಯಿತು. ನಾನು ಇನ್ನೂ ಆಗಿಲ್ಲ ಮಾವ ಎನ್ನುವಷ್ಟರಲ್ಲಿ ಬಾಣಲೆಯನ್ನು ಇಳಿಸಿ ತಟ್ಟೆಗೆ ಸುರಿದುಬಿಟ್ಟರು. ಸಟ್ಟುಗದ ಬೆನ್ನಿನಿಂದ ಅಂಚುಗಳನ್ನು ಅವರು ಸಮ ಮಾಡುತ್ತಿದ್ದಾಗ, ಆ ಘಮ ನನ್ನ ಮೂಗಿಗೆ ಬಂದು ತಲುಪಿತು.